ಪೌರಶಿಕ್ಷಣ: ಎಲ್ಲ ಪಾಠಗಳಲ್ಲಿ ಬೆರೆಸುವುದು ಹೇಗೆ, ಬೆರೆಸಿದ್ದು ಕರಗಿಹೋಗುವುದೇಕೆ

ಪ್ರೌಢಶಾಲೆಯ ಪಠ್ಯಕ್ರಮ ಪರಿಷ್ಕರಣೆಗೆ ಕೂತಾಗಲೆಲ್ಲ ಪೌರಶಿಕ್ಷಣದ ಸರದಿ ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಗಣಿತ, ವಿಜ್ಞಾನ, ಭಾಷೆಗಳು ವೇಳಾಪಟ್ಟಿಯನ್ನು ತುಂಬಿಬಿಟ್ಟಿರುತ್ತವೆ. ಹೊಸ ಪಿರಿಯಡ್‌ಗೆ ಜಾಗವಿಲ್ಲ, ಹೊಸ ಶಿಕ್ಷಕರಿಗೆ ಹಣವಿಲ್ಲ. ಆಗ ಸಮಿತಿ ‘ಎಲ್ಲ ವಿಷಯಗಳಲ್ಲೂ ಅಳವಡಿಸುವುದು’ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತದೆ.

ಆ ಸಾಲಿನಲ್ಲಿ ತಪ್ಪೇನೂ ಇಲ್ಲ. ಪ್ರಜಾಪ್ರಭುತ್ವದಲ್ಲಿ ಬಾಳುವವರಿಗೆ ಬೇಕಾದ ತಿಳಿವಳಿಕೆ ನಿಜಕ್ಕೂ ಎಲ್ಲ ವಿಷಯಗಳಲ್ಲಿ ಹರಡಿಕೊಂಡಿದೆ. ಮತ ಎಣಿಕೆಯ ಹಿಂದೆ ಗಣಿತವಿದೆ, ಗಾಳಿ ನೀರಿನ ಗುಣಮಟ್ಟದ ಹಿಂದೆ ರಸಾಯನಶಾಸ್ತ್ರವಿದೆ, ಸರ್ಕಾರಿ ಸುತ್ತೋಲೆಯ ಹಿಂದೆ ವ್ಯಾಕರಣವಿದೆ. ತೊಂದರೆ ಶುರುವಾಗುವುದು ಆ ಸಾಲಿನ ನಂತರ. ಯಾರು, ಯಾವ ತರಗತಿಗೆ, ಯಾವ ವಾರ, ಏನನ್ನು ಕಲಿಸುತ್ತಾರೆ, ಕಲಿತದ್ದನ್ನು ಯಾರು ನೋಡುತ್ತಾರೆ ಎಂಬುದು ತೀರ್ಮಾನವಾಗದಿದ್ದರೆ ಎಲ್ಲರ ಹೊಣೆ ಯಾರ ಹೊಣೆಯೂ ಆಗುವುದಿಲ್ಲ. ಪೌರಶಿಕ್ಷಣ ಎಲ್ಲ ವಿಷಯಗಳಲ್ಲೂ ಹರಡಬೇಕು ನಿಜ, ಆದರೆ ವಾರಕ್ಕೊಂದು ಸ್ವಂತ ಪಿರಿಯಡ್, ಹೆಸರು ಗೊತ್ತಿರುವ ಒಬ್ಬ ಸಂಯೋಜಕರು, ತಪಾಸಣೆಗೆ ಸಿಗುವ ಒಂದು ನಕ್ಷೆ ಇಲ್ಲದೆ ಹರಡಿದರೆ ಅದು ನೀರಿಗೆ ಹಾಕಿದ ಉಪ್ಪಿನಂತೆ ಕರಗಿಹೋಗುತ್ತದೆ, ರುಚಿಯೂ ಹತ್ತುವುದಿಲ್ಲ.

ಒಂದು ಪದದ ಸ್ಪಷ್ಟನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ರಚನೆಯನ್ನು ಹೇಳಿಕೊಡುವ ‘ಪೌರನೀತಿ’ ಪಾಠ ಪೌರಶಿಕ್ಷಣದ ಒಂದು ಭಾಗ ಮಾತ್ರ. ಸಾರ್ವಜನಿಕ ಪ್ರಶ್ನೆಯೊಂದನ್ನು ಅರ್ಥ ಮಾಡಿಕೊಳ್ಳುವುದು, ಒಪ್ಪದವರೊಡನೆ ಚರ್ಚಿಸುವುದು, ಸರಿಯಾದ ಬಾಗಿಲು ತಟ್ಟಿ ಬದಲಾವಣೆ ಕೇಳುವುದು ಇವೂ ಅದರಲ್ಲಿ ಸೇರಿವೆ.

ಇಂಗ್ಲೆಂಡಿನ ಅನುಭವ

ಈ ಪ್ರಯೋಗವನ್ನು ದೇಶವ್ಯಾಪಿಯಾಗಿ ಮಾಡಿ, ಅದರ ಫಲವನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದ್ದು ಇಂಗ್ಲೆಂಡ್. ರಾಜ್ಯಶಾಸ್ತ್ರಜ್ಞ ಬರ್ನಾರ್ಡ್ ಕ್ರಿಕ್ ಅಧ್ಯಕ್ಷತೆಯ ಸಲಹಾ ಸಮಿತಿ 1998ರಲ್ಲಿ ವರದಿ ಕೊಟ್ಟಿತು. ಸಾಮಾಜಿಕ ಮತ್ತು ನೈತಿಕ ಹೊಣೆಗಾರಿಕೆ, ಸಮುದಾಯದ ಕೆಲಸದಲ್ಲಿ ತೊಡಗುವುದು, ರಾಜಕೀಯ ಸಾಕ್ಷರತೆ ಎಂಬ ಮೂರು ಎಳೆಗಳನ್ನು ಅದು ಮುಂದಿಟ್ಟಿತು. ಶಾಲಾ ಸಮಯದಲ್ಲಿ ಶೇ 5ಕ್ಕಿಂತ ಹೆಚ್ಚು ಇದಕ್ಕೆ ಹೋಗಬಾರದು ಎಂದೂ ಹೇಳಿತು. 2002ರಿಂದ 11ರಿಂದ 16 ವರ್ಷದ ಮಕ್ಕಳಿಗೆ ಪೌರಶಿಕ್ಷಣ ಕಾನೂನಿನ ಪ್ರಕಾರ ಕಡ್ಡಾಯವಾಯಿತು. ಯಾವ ರೀತಿ ಕಲಿಸಬೇಕೆಂಬುದನ್ನು ಮಾತ್ರ ಶಾಲೆಗಳಿಗೇ ಬಿಡಲಾಯಿತು.

ಆ ಸ್ವಾತಂತ್ರ್ಯವನ್ನು ಬಹಳ ಶಾಲೆಗಳು ‘ನಾವು ಈಗಾಗಲೇ ಮಾಡುತ್ತಿದ್ದೇವೆ’ ಎಂದು ಓದಿಕೊಂಡವು. ಇತಿಹಾಸದಲ್ಲಿ ಮತದಾನದ ಹಕ್ಕಿನ ಪಾಠವಿದೆ, ಭೂಗೋಳದಲ್ಲಿ ಪರಿಸರವಿದೆ, ಬೆಳಗಿನ ಸಭೆಯಲ್ಲಿ ಒಳ್ಳೆಯ ನಡತೆಯ ಮಾತಿದೆ, ಅಲ್ಲಿಗೆ ಪೌರಶಿಕ್ಷಣ ಆಯಿತು ಎಂಬ ಲೆಕ್ಕ. ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2006ರಲ್ಲಿ ನೋಡಿದಾಗ, ತಾನು ಪರಿಶೀಲಿಸಿದ ಶಾಲೆಗಳ ನಾಲ್ಕನೇ ಒಂದು ಭಾಗದಲ್ಲಿ ವ್ಯವಸ್ಥೆ ಸಾಲದು ಎಂದು ಬರೆಯಬೇಕಾಯಿತು.

2001ರಿಂದ 2010ರವರೆಗೆ ಅಲ್ಲಿನ ರಾಷ್ಟ್ರೀಯ ಶಿಕ್ಷಣ ಸಂಶೋಧನಾ ಪ್ರತಿಷ್ಠಾನ ಒಂದೇ ತಲೆಮಾರಿನ ಮಕ್ಕಳನ್ನು ಹನ್ನೊಂದರ ವಯಸ್ಸಿನಿಂದ ಹದಿನೆಂಟರವರೆಗೆ ಹಿಂಬಾಲಿಸಿತು. ಪೌರಶಿಕ್ಷಣ ಫಲ ಕೊಟ್ಟಿದ್ದು ಯಾವ ಸ್ಥಿತಿಯಲ್ಲಿ ಎಂಬುದಕ್ಕೆ ಅದರ ಉತ್ತರ ಖಚಿತವಾಗಿತ್ತು: ವಾರಕ್ಕೆ 45 ನಿಮಿಷಕ್ಕಿಂತ ಹೆಚ್ಚಿನ ಪ್ರತ್ಯೇಕ ಅವಧಿ, ಅದನ್ನು ರೂಪಿಸಲು ಪೌರಶಿಕ್ಷಣಕ್ಕೆಂದೇ ಇರುವ ಸಂಯೋಜಕರು, ಔಪಚಾರಿಕ ಪರೀಕ್ಷೆ, ಶಾಲೆಯ ಕೊನೆಯ ವರ್ಷದವರೆಗೂ ಕಡಿಯದ ಕಲಿಕೆ. ಇವೆಲ್ಲ ವೇಳಾಪಟ್ಟಿ ಬರೆಯುವ ಮೇಜಿನ ಮೇಲೆ ತೀರ್ಮಾನವಾಗುವ ಸಂಗತಿಗಳು ಎಂಬುದನ್ನು ಗಮನಿಸಬೇಕು. ಶಿಕ್ಷಕರ ಉತ್ಸಾಹವೊಂದನ್ನೇ ನಂಬಿಕೊಂಡು ಇವನ್ನು ತುಂಬಿಕೊಳ್ಳಲಾಗದು.

ಬೇರೆಬೇರೆ ದೇಶಗಳ ಶಾಲಾ ಕಲಿಕೆಯನ್ನು ಹೋಲಿಸಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ ಐಇಎ 2009, 2016 ಮತ್ತು 2022ರಲ್ಲಿ ಹಲವು ದೇಶಗಳ ಎಂಟನೇ ತರಗತಿಯ ಮಕ್ಕಳ ಪೌರಜ್ಞಾನವನ್ನು ಅಳೆಯಿತು. ತರಗತಿಯಲ್ಲಿ ಮುಕ್ತವಾಗಿ ಚರ್ಚೆ ನಡೆಯುತ್ತದೆ ಎಂದು ಹೇಳಿದ ಮಕ್ಕಳ ಜ್ಞಾನವೂ ಸಾಮಾನ್ಯವಾಗಿ ಹೆಚ್ಚಿತ್ತು. ಇವೆರಡೂ ಜೊತೆಯಲ್ಲಿ ಕಂಡವು ಎಂದಷ್ಟೇ ಇದರ ಅರ್ಥ. ಒಂದರಿಂದಲೇ ಇನ್ನೊಂದು ಬಂತು ಎಂದು ಸಾಬೀತಾದಂತಲ್ಲ. ಆದರೂ ಚರ್ಚೆಗೆ ಸಮಯ ಕೊಟ್ಟರೆ ‘ಪೋರ್ಷನ್’ ಹಾಳಾಗುತ್ತದೆ ಎಂಬ ಭಯಕ್ಕೆ ಇದು ಒಳ್ಳೆಯ ಉತ್ತರ.

ಸಮಯದ ಲೆಕ್ಕ, ನಕ್ಷೆಯ ಕೆಲಸ

ವಾರಕ್ಕೆ 40 ಪಿರಿಯಡ್ ಇರುವ ಶಾಲೆಯಲ್ಲಿ ಶೇ 5 ಎಂದರೆ 2 ಪಿರಿಯಡ್. ಒಂದನ್ನು ಪೌರಶಿಕ್ಷಣದ ಸ್ವಂತ ಪಿರಿಯಡ್ ಆಗಿ ಇಟ್ಟುಕೊಳ್ಳಿ, ಇನ್ನೊಂದರಷ್ಟು ಸಮಯವನ್ನು ಉಳಿದ ವಿಷಯಗಳಿಗೆ ಹಂಚಿ. 36 ಬೋಧನಾ ವಾರಗಳ ವರ್ಷದಲ್ಲಿ 36 ಪಿರಿಯಡ್ ಹಂಚಿಕೆಗೆ ಸಿಗುತ್ತದೆ. ಆರು ವಿಷಯಗಳಿದ್ದರೆ ಒಂದೊಂದಕ್ಕೆ ವರ್ಷಕ್ಕೆ 6. ಗಣಿತದ ಶಿಕ್ಷಕರ ಬಳಿ ಹೋಗಿ ‘ನಿಮ್ಮ ಪಾಠಗಳಲ್ಲಿ ಪೌರಪ್ರಜ್ಞೆ ಬೆಳೆಸಿ’ ಎಂದರೆ ಅವರು ತಲೆಯಾಡಿಸಿ ಮರೆತುಬಿಡುತ್ತಾರೆ. ‘ವರ್ಷಕ್ಕೆ ಆರು ಪಿರಿಯಡ್, ಅನುಪಾತದ ಅಧ್ಯಾಯ ಮುಗಿದ ವಾರ ಎರಡು, ಅಂಕಿಅಂಶದ ಅಧ್ಯಾಯದಲ್ಲಿ ಎರಡು, ಉಳಿದೆರಡು ನಿಮ್ಮ ಆಯ್ಕೆ’ ಎಂದರೆ ಅವರೂ ಯೋಜನೆ ಹಾಕಬಲ್ಲರು. ಪರೀಕ್ಷೆ, ಕ್ರೀಡಾಕೂಟ, ವಾರ್ಷಿಕೋತ್ಸವಗಳು ಒಂದಷ್ಟು ದಿನ ತಿನ್ನುವುದರಿಂದ ಸ್ವಂತ ಪಿರಿಯಡ್‌ಗೆ 30 ಪಾಠಗಳನ್ನಷ್ಟೇ ಬರೆದುಕೊಳ್ಳುವುದು ಜಾಣತನ. ಮೂವತ್ತಾರನ್ನೂ ತುಂಬಿದರೆ ಕೊನೆಯ ಘಟಕ ಪ್ರತಿ ವರ್ಷ ಬಿಟ್ಟುಹೋಗುತ್ತದೆ, ಮತ್ತು ಕೊನೆಯಲ್ಲಿ ಇಟ್ಟಿರುವುದು ಸಾಮಾನ್ಯವಾಗಿ ಮಕ್ಕಳು ತಾವೇ ಮಾಡಬೇಕಾದ ಕ್ರಿಯಾಯೋಜನೆ.

ಇನ್ನು ನಕ್ಷೆ. ಮೊದಲು ಒಂದು ತರಗತಿಗೆ 12ರಿಂದ 15 ಕಲಿಕಾ ಫಲಗಳನ್ನು ಬರೆದುಕೊಳ್ಳಬೇಕು, ಹೆಚ್ಚು ಬೇಡ. ‘ಜವಾಬ್ದಾರಿಯುತ ನಾಗರಿಕನಾಗುವುದು’ ಕಲಿಕಾ ಫಲವಲ್ಲ, ಹಾರೈಕೆ. ‘ಒಂದು ದೂರನ್ನು ಯಾವ ಹಂತದ ಆಡಳಿತಕ್ಕೆ ಕೊಡಬೇಕೆಂದು ಗುರುತಿಸಿ ಕಾರಣ ಹೇಳುವುದು’ ಕಲಿಕಾ ಫಲ, ಏಕೆಂದರೆ ಮಗು ಅದನ್ನು ಮಾಡಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುತ್ತದೆ. ಈ ಫಲಗಳು ಎಡಗಡೆ ಸಾಲಾಗಿ, ವಿಷಯಗಳು ಮೇಲ್ಗಡೆ ಕಾಲಂಗಳಾಗಿ ಇರುವ ಒಂದು ದೊಡ್ಡ ಹಾಳೆ ತಯಾರಿಸಿ, ಪ್ರತಿ ವಿಷಯದ ಶಿಕ್ಷಕರು ಮೂರರಲ್ಲಿ ಒಂದು ಗುರುತು ಹಾಕಬೇಕು. ಸುಮ್ಮನೆ ಪ್ರಸ್ತಾಪ ಬರುತ್ತದೆಯಾದರೆ ‘ಪ್ರ’, ಒಂದು ಪಿರಿಯಡ್ ಕೂತು ಕಲಿಸುತ್ತೇವಾದರೆ ‘ಕ’, ಬರವಣಿಗೆಯಲ್ಲೋ ಪರೀಕ್ಷೆಯಲ್ಲೋ ಅಳೆಯುತ್ತೇವಾದರೆ ‘ಅ’. ಒಂದು ಸಾಲಿನಲ್ಲಿ ಎಷ್ಟೇ ‘ಪ್ರ’ ಇದ್ದರೂ ಒಂದಾದರೂ ‘ಕ’ ಮತ್ತು ಒಂದು ‘ಅ’ ಇಲ್ಲದಿದ್ದರೆ ಆ ಸಾಲು ಖಾಲಿ ಎಂದೇ ತಿಳಿಯಬೇಕು.

ಹೀಗೆ ಮಾಡುವಾಗ ಕೆಡುವುದು ಎಲ್ಲಿ? ಶಿಕ್ಷಕರು ಧಾರಾಳವಾಗಿ ಗುರುತು ಹಾಕುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ತಮ್ಮ ವಿಷಯದಲ್ಲಿ ಅದೆಲ್ಲ ಇದೆ ಎಂದು ಅವರು ನಿಜಕ್ಕೂ ನಂಬಿರುತ್ತಾರೆ. ಅದಕ್ಕೆ ಪ್ರತಿ ‘ಕ’ ಗುರುತಿಗೂ ಪಠ್ಯಪುಸ್ತಕದ ಪುಟ ಅಥವಾ ಚಟುವಟಿಕೆಯ ಹಾಳೆ, ಪ್ರತಿ ‘ಅ’ಗೂ ಕೇಳಿದ ಪ್ರಶ್ನೆ ಕೇಳಬೇಕು. ಆ ಬಳಿಕ ಯಾವುದಾದರೂ ಐದು ಮಕ್ಕಳ ನೋಟ್‌ಬುಕ್ ತೆಗೆದು ನೋಡಬೇಕು. ಮೊದಲ ಸುತ್ತಿನ ಗುರುತುಗಳಲ್ಲಿ ಎಷ್ಟೋ ಇಲ್ಲಿಗೆ ಬರುವಷ್ಟರಲ್ಲಿ ಉದುರಿಹೋಗುತ್ತವೆ, ಉದುರಲಿ. ಉಳಿದದ್ದನ್ನು ನೋಡಿದರೆ ಸಾಮಾನ್ಯವಾಗಿ ಎರಡು ಸಂಗತಿ ಕಾಣುತ್ತವೆ. ಪರಿಸರದ ವಿಷಯ ನಾಲ್ಕು ಕಡೆ, ಅದೂ ಒಂದೇ ಮಟ್ಟದಲ್ಲಿ, ಮತ್ತೆಮತ್ತೆ ಬಂದಿರುತ್ತದೆ. ಸರ್ಕಾರದ ಆಯವ್ಯಯ, ತೆರಿಗೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ನ್ಯಾಯಾಲಯದ ಮುಂದೆ ಒಂದು ಪ್ರಕರಣ ಹೇಗೆ ಸಾಗುತ್ತದೆ ಎಂಬುವು ಎಲ್ಲಿಯೂ ಇರುವುದಿಲ್ಲ. ಈ ಖಾಲಿ ಜಾಗಗಳನ್ನು ತುಂಬುವುದೇ ಸ್ವಂತ ಪಿರಿಯಡ್‌ನ ಮೊದಲ ಕೆಲಸ.

ಗಣಿತದಲ್ಲಿ: ಒಂದೇ ಮತ, ಮೂರು ಫಲಿತಾಂಶ

ಗಣಿತದೊಳಗೆ ಪೌರಶಿಕ್ಷಣ ಎಂದಾಗ ಬಹುಪಾಲು ಬರುವುದು ಸಮೀಕ್ಷೆಯ ಸ್ತಂಭಾಲೇಖ. ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿಯುವ ಪಾಠವೊಂದು ಬರೀ ಭಾಗಾಕಾರದಿಂದ ಆಗುತ್ತದೆ.

ಒಂದು ಲಕ್ಷ ಮತ, 10 ಸ್ಥಾನ, ನಾಲ್ಕು ಪಕ್ಷ. ‘ಕ’ಗೆ 43,000, ‘ಖ’ಗೆ 32,000, ‘ಗ’ಗೆ 15,000, ‘ಘ’ಗೆ 10,000. ಮೊದಲ ವಿಧಾನದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3, 4, 5 ಎಂದು ಭಾಗಿಸುತ್ತಾ ಹೋಗಬೇಕು. ‘ಕ’ಗೆ 43,000, 21,500, 14,333, 10,750, 8,600 ಬರುತ್ತದೆ, ‘ಖ’ಗೆ 32,000, 16,000, 10,667, 8,000. ಎಲ್ಲ ಭಾಗಲಬ್ಧಗಳಲ್ಲಿ ಅತಿ ದೊಡ್ಡ ಹತ್ತಕ್ಕೆ ಸ್ಥಾನ ಕೊಟ್ಟರೆ ‘ಕ’ 5, ‘ಖ’ 3, ‘ಗ’ 1, ‘ಘ’ 1. ಇದು ಡಿ'ಹೋಂಟ್ ವಿಧಾನ. ಸ್ಪೇನ್, ಪೋರ್ಚುಗಲ್, ಬೆಲ್ಜಿಯಂ ಬಳಸುತ್ತವೆ.

ಈಗ ಅದೇ ಮತಗಳನ್ನು 1, 3, 5, 7, 9 ಎಂಬ ಬೆಸಸಂಖ್ಯೆಗಳಿಂದ ಭಾಗಿಸಿ. ಇದು ಜರ್ಮನಿ, ನ್ಯೂಜಿಲೆಂಡ್ ಬಳಸುವ ಸೇಂತ್-ಲಗ್ಯೂ ವಿಧಾನ. ಒಂಬತ್ತು ಸ್ಥಾನ ಹಂಚಿಕೆಯಾದ ಮೇಲೆ ಹತ್ತನೆಯದಕ್ಕೆ ‘ಗ’ ಪಕ್ಷದ 5,000 ಮತ್ತು ‘ಕ’ ಪಕ್ಷದ 4,778 ಎದುರಾಗುತ್ತವೆ. ಸ್ಥಾನ ‘ಗ’ಗೆ ಹೋಗಿ ಫಲಿತಾಂಶ 4, 3, 2, 1 ಆಗುತ್ತದೆ. ಮೂರನೆಯದಾಗಿ, ಪ್ರದೇಶವನ್ನು 10 ಕ್ಷೇತ್ರಗಳಾಗಿ ಒಡೆದು, ಮತಗಳು ಎಲ್ಲ ಕಡೆ ಇದೇ ಪ್ರಮಾಣದಲ್ಲಿ ಬಿದ್ದವು ಎಂದುಕೊಳ್ಳಿ. ಅತಿ ಹೆಚ್ಚು ಮತ ಪಡೆದವರೇ ಗೆಲ್ಲುವ ನಿಯಮದಲ್ಲಿ ಶೇ 43 ಮತ ಪಡೆದ ‘ಕ’ ಹತ್ತಕ್ಕೆ ಹತ್ತೂ ಸ್ಥಾನ ಒಯ್ಯುತ್ತದೆ.

ಯಾವ ಮತದಾರನೂ ಮನಸ್ಸು ಬದಲಿಸಿಲ್ಲ, ಒಂದೂ ಮತ ಕಳವಾಗಿಲ್ಲ, ಲೆಕ್ಕದಲ್ಲಿ ತಪ್ಪಿಲ್ಲ. ಆದರೂ ಫಲಿತಾಂಶ ಮೂರು. ಇಲ್ಲಿಗೆ ಬಂದು ಪಾಠ ನಿಂತರೆ ಅದು ಭಾಗಾಕಾರದ ಅಭ್ಯಾಸ. ಎರಡನೇ ಪಿರಿಯಡ್‌ನಲ್ಲಿ ಪ್ರಶ್ನೆ ಬದಲಾಗಬೇಕು: ಇವುಗಳಲ್ಲಿ ನ್ಯಾಯವಾದದ್ದು ಯಾವುದು? ಮತದ ಪ್ರಮಾಣಕ್ಕೆ ಹತ್ತಿರವಿರುವುದೋ, ಸ್ಥಿರ ಸರ್ಕಾರ ಕೊಡುವುದೋ, ನಮ್ಮ ಕ್ಷೇತ್ರಕ್ಕೆ ನಮ್ಮದೇ ಪ್ರತಿನಿಧಿ ಇರಬೇಕೆಂಬುದೋ? ಯಾವ ನಿಯಮದಿಂದ ಏನು ಹೊರಡುತ್ತದೆ ಎಂಬುದನ್ನು ಗಣಿತ ಹೇಳುತ್ತದೆ. ಯಾವ ನಿಯಮ ಬೇಕೆಂಬುದನ್ನು ಸಮಾಜ ಕೂತು ತೀರ್ಮಾನಿಸಬೇಕು. ಈ ಗೆರೆ ಹದಿನಾಲ್ಕು ವರ್ಷದ ಮಗುವಿಗೆ ಸ್ಪಷ್ಟವಾದರೆ ಆ ಎರಡು ಪಿರಿಯಡ್ ಸಾರ್ಥಕ.

ಒಂದು ಎಚ್ಚರಿಕೆ ಇದೆ. ಮೊದಲ ದಿನವೇ ನಿಜವಾದ ಪಕ್ಷಗಳ ಹೆಸರು ಹಾಕಿದರೆ ಲೆಕ್ಕ ಮೂಲೆಗೆ ಸರಿದು ತರಗತಿ ಎರಡು ಬಣವಾಗುತ್ತದೆ. ಅಕ್ಷರಗಳಿಂದ ಶುರು ಮಾಡಿ, ಕಾಲದಲ್ಲೂ ದೂರದಲ್ಲೂ ಆಚೆಗಿರುವ ಯಾವುದಾದರೂ ಚುನಾವಣೆಯ ಅಂಕಿಗಳಿಗೆ ಹೋಗುವುದು ಒಳ್ಳೆಯದು.

ಭಾಷೆಯಲ್ಲಿ: ಕರ್ತೃ ಎಲ್ಲಿ?

‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಕನ್ನಡ ಓದಬಲ್ಲ ಯಾರಿಗಾದರೂ ಪರಿಚಿತ ವಾಕ್ಯ. ಕರ್ಮಣಿ ಪ್ರಯೋಗದ ಪಾಠ ನಡೆಯುವ ವಾರ ಇದನ್ನೇ ಬೋರ್ಡಿನ ಮೇಲೆ ಬರೆದು ಕೇಳಬಹುದು: ಯಾರು ಕೈಗೊಳ್ಳುವುದು? ಯಾವಾಗ? ಯಾವ ಕ್ರಮ? ಸೂಕ್ತ ಎಂದು ನಿರ್ಧರಿಸುವವರು ಯಾರು? ವಾಕ್ಯದೊಳಗೆ ಒಂದಕ್ಕೂ ಉತ್ತರವಿಲ್ಲ. ಕರ್ತೃ ಕಾಣೆಯಾದಾಗ ಹೊಣೆಯೂ ಕಾಣೆಯಾಗುತ್ತದೆ ಎಂಬುದನ್ನು ಯಾವ ರಾಜ್ಯಶಾಸ್ತ್ರದ ಪಾಠಕ್ಕಿಂತಲೂ ಚೆನ್ನಾಗಿ ಇದು ತೋರಿಸುತ್ತದೆ.

ಪಾಠದ ಕ್ರಮ ಸರಳ. ಒಂದು ಪುಟದ ಸಾರ್ವಜನಿಕ ಪ್ರಕಟಣೆ ತೆಗೆದುಕೊಂಡು ಎಲ್ಲ ಕ್ರಿಯಾಪದಗಳಿಗೆ ಗೆರೆ ಎಳೆಯುವುದು. ‘ಲಾಗಿದೆ’, ‘ಲಾಗುವುದು’ ಎಂದು ಮುಗಿಯುವವನ್ನು ಎಣಿಸುವುದು. ಅವುಗಳಲ್ಲಿ ಮೂರನ್ನು ಆರಿಸಿ ಕರ್ತರಿ ಪ್ರಯೋಗಕ್ಕೆ ತಿರುಗಿಸುವುದು. ತಿರುಗಿಸಲು ಹೋದಾಗ ಕರ್ತೃವನ್ನು ಹುಡುಕಲೇಬೇಕಾಗುತ್ತದೆ. ಯಾವ ಅಧಿಕಾರಿ, ಯಾವ ಇಲಾಖೆ, ಯಾವ ನಿಯಮದಡಿ ಎಂದು. ಎಲ್ಲ ಕರ್ಮಣಿ ವಾಕ್ಯಗಳೂ ಕಳ್ಳತನದ್ದು ಎಂಬ ಭಾವನೆ ಮಾತ್ರ ಮಕ್ಕಳಿಗೆ ಬರಬಾರದು. ‘ಕಚೇರಿಯನ್ನು 10 ಗಂಟೆಗೆ ತೆರೆಯಲಾಗುವುದು’ ಎಂಬಲ್ಲಿ ಬೀಗ ತೆಗೆಯುವವರ ಹೆಸರು ಯಾರಿಗೂ ಬೇಕಿಲ್ಲ.

ಮನವಿ ಪತ್ರದ ಪಾಠವನ್ನೂ ಇಲ್ಲಿಗೇ ಜೋಡಿಸಬೇಕು. ಪರೀಕ್ಷೆಗೆ ಬರೆಸುವ ಮನವಿಗಳಲ್ಲಿ ವಿನಯ ಹೆಚ್ಚು, ವಿಷಯ ಕಡಿಮೆ. ನಿಜವಾದ ಮನವಿಗೆ 200 ಪದ ಸಾಕು. ಅದರಲ್ಲಿ ಒಂದೇ ಬೇಡಿಕೆ ಇರಬೇಕು, ಅದಕ್ಕೆ ಆಧಾರವಾಗಿ ಎಣಿಸಿದ ಅಥವಾ ಅಳೆದ ಒಂದು ಸಂಗತಿ ಇರಬೇಕು, ಉತ್ತರವನ್ನು ಯಾವ ದಿನಾಂಕದೊಳಗೆ ನಿರೀಕ್ಷಿಸುತ್ತೇವೆ ಎಂದಿರಬೇಕು, ಸರಿಯಾದ ವಿಳಾಸವಿರಬೇಕು. ಮಕ್ಕಳು ಅತಿ ಹೆಚ್ಚು ತಪ್ಪುವುದು ಈ ಕೊನೆಯದರಲ್ಲಿ. ಬೀದಿದೀಪ ಕೆಟ್ಟರೂ ದೇಶದ ಮುಖ್ಯಸ್ಥರಿಗೇ ಬರೆಯುತ್ತಾರೆ. ಹತ್ತು ದೂರುಗಳನ್ನು ಚೀಟಿಗಳಲ್ಲಿ ಬರೆದು ಸ್ಥಳೀಯ ಆಡಳಿತ, ಪ್ರಾಂತೀಯ ಸರ್ಕಾರ, ಕೇಂದ್ರ ಸರ್ಕಾರ, ನ್ಯಾಯಾಲಯ, ಖಾಸಗಿ ಸಂಸ್ಥೆ ಎಂದು ಐದು ಗುಂಪು ಮಾಡಿಸಿದರೆ 20 ನಿಮಿಷದಲ್ಲಿ ಅಧಿಕಾರ ಹಂಚಿಕೆಯ ಪಾಠ ಮುಗಿಯುತ್ತದೆ. ಒಂದೆರಡು ಚೀಟಿ ಎರಡು ಗುಂಪಿಗೂ ಸಲ್ಲುವಂತಿರಲಿ. ವಾದ ಹುಟ್ಟುವುದೇ ಅಲ್ಲಿ.

ವಿಜ್ಞಾನ, ಮತ್ತು ಉಳಿದವು

ವಿಜ್ಞಾನದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಚರಿತ್ರೆಯಷ್ಟು ಅನುಕೂಲವಾದ ಘಟಕ ಸಿಗುವುದು ಕಷ್ಟ. ಟೆಟ್ರಾಈಥೈಲ್ ಸೀಸ ಎಂಬ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿದರೆ, ಇಂಧನ ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ನಿನಲ್ಲಿ ಏಳುವ ಬಡಿತವನ್ನು ಅದು ತಡೆಯುತ್ತದೆ ಎಂದು 1921ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. 1924ರಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯ ಕಾರ್ಮಿಕರು ಸತ್ತರು. ಸೀಸ ವಿಷವೆಂಬುದು ಆಗಲೇ ತಿಳಿದ ಸಂಗತಿ. ಆದರೂ ಮಾರಾಟ ಮುಂದುವರಿಯಿತು. ವಾತಾವರಣದಲ್ಲಿ ಸೀಸ ಸಹಜ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಏರಿದೆ ಎಂದು ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ ಪ್ರಕಟಿಸಿದರು. ಅಮೆರಿಕದ ರಸ್ತೆ ವಾಹನಗಳಿಗೆ ಪೂರ್ಣ ನಿಷೇಧ ಬಂದದ್ದು 1996ರಲ್ಲಿ. ಅಲ್ಜೀರಿಯಾ ನಿಲ್ಲಿಸಿದ ಮೇಲೆ, ಜಗತ್ತಿನಲ್ಲಿ ಇನ್ನೆಲ್ಲೂ ವಾಹನಗಳಿಗೆ ಇದು ಮಾರಾಟವಾಗುತ್ತಿಲ್ಲ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಘೋಷಿಸಿದ್ದು 2021ರಲ್ಲಿ. ನೂರು ವರ್ಷ.

ಒಂದು ಪಿರಿಯಡ್ ದಹನದ ರಸಾಯನಶಾಸ್ತ್ರಕ್ಕೆ, ಮುಂದಿನದು ಈ ಕಾಲಪಟ್ಟಿಗೆ. ಪ್ರತಿ ಮಗುವೂ ಪಟ್ಟಿಯಲ್ಲಿ ಒಂದು ವರ್ಷಕ್ಕೆ ಗುರುತು ಹಾಕಿ ‘ಇಲ್ಲಿಗೆ ನಿಲ್ಲಿಸಲು ಸಾಕ್ಷ್ಯ ಸಾಕಿತ್ತು’ ಎಂದು ಕಾರಣ ಬರೆಯಬೇಕು. ಅಪಾಯವಿದೆ ಎಂದು ತೋರಿಸುವ ಹೊರೆ ಜನರದೋ, ಅಪಾಯವಿಲ್ಲ ಎಂದು ತೋರಿಸುವ ಹೊರೆ ತಯಾರಕರದೋ ಎಂಬ ಪ್ರಶ್ನೆ ತಾನಾಗಿಯೇ ಎದ್ದುಬರುತ್ತದೆ. ‘ವಿಜ್ಞಾನ ವರವೋ ಶಾಪವೋ’ ಎಂಬ ಹಳೆಯ ಪ್ರಬಂಧದ ಕಡೆಗೆ ತರಗತಿ ಜಾರದಂತೆ ನೋಡಿಕೊಂಡರಾಯಿತು.

ಇತಿಹಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅಲ್ಲಿ ವಸ್ತು ತಾನಾಗಿಯೇ ಇದೆ. ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ನ್ಯೂಜಿಲೆಂಡಿನಲ್ಲಿ 1893ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ 1971ರಲ್ಲಿ ಬಂತು. ಇಸವಿ ಬಾಯಿಪಾಠ ಮಾಡಿಸುವ ಬದಲು ಕೊಡದಿರಲು ಹೇಳಿದ ಕಾರಣಗಳೇನು, ಅವನ್ನು ಯಾವ ದಾರಿಯಿಂದ ಸೋಲಿಸಲಾಯಿತು ಎಂದು ಕೇಳಿದರೆ ಸಾಕು. ಭೂಗೋಳದಲ್ಲಿ ಒಂದು ತುಂಡು ಭೂಮಿಯ ನಕಾಶೆ ಇಟ್ಟುಕೊಂಡು, ರಸ್ತೆ ಎಲ್ಲಿ ಹಾದುಹೋಗಬೇಕೆಂಬ ಸಾರ್ವಜನಿಕ ವಿಚಾರಣೆಯನ್ನು ಮಕ್ಕಳಿಂದಲೇ ನಡೆಸಬಹುದು. ದೈಹಿಕ ಶಿಕ್ಷಣದಲ್ಲಿ ಆಟದ ಒಂದು ನಿಯಮ ಬದಲಿಸಿ, ಯಾರಿಗೆ ಲಾಭವಾಯಿತು ಎಂದು ಹತ್ತು ನಿಮಿಷ ಮಾತಾಡಿದರೂ ಅದು ಪೌರಶಿಕ್ಷಣವೇ.

ವಿವಾದದ ವಿಷಯ ಬಂದಾಗ

ಶಿಕ್ಷಕರು ಹಿಂದೆಗೆಯುವುದು ಇಲ್ಲಿ, ಮತ್ತು ಅವರ ಅಂಜಿಕೆಗೆ ಕಾರಣವಿದೆ. ಪೋಷಕರ ದೂರು ಬಂದಾಗ ಒಬ್ಬಂಟಿಯಾಗಿ ನಿಲ್ಲಬೇಕಾದೀತು ಎಂಬ ಭಯ ಅದು. ಇದಕ್ಕೆ ಧೈರ್ಯದ ಉಪದೇಶ ಪರಿಹಾರವಲ್ಲ. ಲಿಖಿತ ನಿಯಮ ಪರಿಹಾರ. ಪಶ್ಚಿಮ ಜರ್ಮನಿಯ ಬಾಯ್ಟೆಲ್ಸ್‌ಬಾಖ್‌ನಲ್ಲಿ 1976ರಲ್ಲಿ ನಡೆದ ಸಭೆಯಿಂದ ಮೂಡಿದ ಮೂರು ಸೂತ್ರಗಳು ಇಂದಿಗೂ ಒಳ್ಳೆಯ ಆಧಾರ. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು. ವಿದ್ವಾಂಸರಲ್ಲಿ, ರಾಜಕಾರಣದಲ್ಲಿ ವಿವಾದವಾಗಿರುವುದು ತರಗತಿಯಲ್ಲೂ ವಿವಾದವಾಗಿಯೇ ಬರಬೇಕು. ತನ್ನ ಹಿತ ಯಾವುದೆಂದು ಪರಿಸ್ಥಿತಿಯನ್ನು ವಿಶ್ಲೇಷಿಸಿ ಕಂಡುಕೊಳ್ಳುವ ಶಕ್ತಿ ವಿದ್ಯಾರ್ಥಿಗೆ ಬರಬೇಕು. ಇಂಗ್ಲೆಂಡಿನಲ್ಲಿ 1996ರ ಶಿಕ್ಷಣ ಕಾಯ್ದೆಯೇ ಪಕ್ಷಪಾತದ ಬೋಧನೆಯನ್ನು ನಿಷೇಧಿಸಿ, ವಿರುದ್ಧ ಅಭಿಪ್ರಾಯಗಳನ್ನು ಸಮತೋಲನದಿಂದ ಮುಂದಿಡಬೇಕೆನ್ನುತ್ತದೆ. ಶಾಲೆಯು ಇಂಥ ಒಂದು ಪುಟವನ್ನು ವರ್ಷದ ಆರಂಭದಲ್ಲೇ ಪೋಷಕರಿಗೆ ಕೊಟ್ಟಿದ್ದರೆ ಶಿಕ್ಷಕರ ಬೆನ್ನಿಗೆ ಆಸರೆ ಇರುತ್ತದೆ.

ಸಮತೋಲನವೆಂದರೆ ಎಲ್ಲಕ್ಕೂ ಎರಡು ಬದಿ ಎಂದಲ್ಲ. ಧೂಮಪಾನದಿಂದ ಕ್ಯಾನ್ಸರ್ ಬರುತ್ತದೆಯೇ ಎಂಬುದು ತೆರೆದ ಪ್ರಶ್ನೆಯಲ್ಲ, ಸಾಕ್ಷ್ಯದಿಂದ ಮುಗಿದುಹೋದದ್ದು. ಸಾರ್ವಜನಿಕ ಸ್ಥಳದಲ್ಲಿ ಅದನ್ನು ಎಷ್ಟರಮಟ್ಟಿಗೆ ನಿರ್ಬಂಧಿಸಬೇಕು ಎಂಬುದು ತೆರೆದ ಪ್ರಶ್ನೆ, ಏಕೆಂದರೆ ಅಲ್ಲಿ ಮೌಲ್ಯಗಳ ತೂಕವಿದೆ. ಚರ್ಚೆಗೆ ಮುಂಚೆ ಪ್ರಶ್ನೆಯನ್ನು ಈ ಎರಡು ಭಾಗ ಮಾಡಿಕೊಳ್ಳದಿದ್ದರೆ ತರಗತಿ ಸತ್ಯಾಂಶದ ಮೇಲೆ ಕೈ ಎತ್ತಿ ಮತ ಹಾಕುವಲ್ಲಿಗೆ ಹೋಗಿ ನಿಲ್ಲುತ್ತದೆ.

ನಲವತ್ತು ನಿಮಿಷಕ್ಕೆ ಹೊಂದುವ ಕ್ರಮ ಹೀಗಿದೆ. ನಾಲ್ಕು ಮಕ್ಕಳ ಗುಂಪು, ಇಬ್ಬರು ಪರ, ಇಬ್ಬರು ವಿರುದ್ಧ. ಮೊದಲ 5 ನಿಮಿಷ ಎರಡೂ ಬದಿಯ ವಾದವಿರುವ ಒಂದು ಪುಟದ ಓದು. ಮುಂದಿನ 10 ನಿಮಿಷ ತಮ್ಮ ಬದಿ ಮಂಡಿಸುವುದು. ಎದುರಿನವರು ಕೇಳಿ ‘ನೀವು ಹೇಳಿದ್ದು ಇದು’ ಎಂದು ತಿರುಗಿ ಹೇಳಬೇಕು. ಆಮೇಲೆ 10 ನಿಮಿಷ ಬದಿ ಬದಲಾವಣೆ. ಮತ್ತೆ 10 ನಿಮಿಷ ಬದಿ ಬಿಟ್ಟು, ಎಲ್ಲಿ ಒಪ್ಪುತ್ತೇವೆ, ಎಲ್ಲಿ ಇಲ್ಲ ಎಂದು ಗುರುತಿಸುವುದು. ಕೊನೆಯ 5 ನಿಮಿಷ ಪ್ರತಿಯೊಬ್ಬರೂ ಒಂಟಿಯಾಗಿ ಬರೆಯುವುದು. ಸಮಯ ಸಾಲದಾದಾಗ ಶಿಕ್ಷಕರು ಮೊದಲು ಕೈಬಿಡುವುದು ಬದಿ ಬದಲಾವಣೆಯನ್ನು. ಅದನ್ನು ಬಿಟ್ಟರೆ ಉಳಿಯುವುದು ಬರೀ ಚರ್ಚಾಸ್ಪರ್ಧೆ. ಬೇಕಿದ್ದರೆ ಓದಿನ ಪುಟವನ್ನು ಹಿಂದಿನ ದಿನವೇ ಕೊಟ್ಟು ಆ 5 ನಿಮಿಷ ಉಳಿಸಿಕೊಳ್ಳಿ.

ಶಾಲಾ ಸಂಸತ್ತು

ತರಗತಿಯಲ್ಲಿ ಪ್ರಜಾಪ್ರಭುತ್ವದ ಪಾಠ ಕೇಳಿ ಹೊರಬಂದ ಮಗು ಶಾಲೆಯಲ್ಲಿ ಅದಕ್ಕೆ ವಿರುದ್ಧವಾದದ್ದನ್ನು ಕಂಡರೆ ನಂಬುವುದು ಕಂಡದ್ದನ್ನೇ. ಮಕ್ಕಳಿಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅವರ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ಬೆಲೆ ಸಿಗಬೇಕು ಎನ್ನುತ್ತದೆ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ. ಮಕ್ಕಳ ಭಾಗವಹಿಸುವಿಕೆಗೆ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಎಂಟು ಮೆಟ್ಟಿಲಿನ ಏಣಿ ಚಿತ್ರಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳಾದ ಕೈಗೊಂಬೆ ಮಾಡುವುದು, ಅಲಂಕಾರಕ್ಕೆ ನಿಲ್ಲಿಸುವುದು, ನಾಮಕಾವಸ್ತೆ ಕೂರಿಸುವುದನ್ನು ಅವರು ಭಾಗವಹಿಸುವಿಕೆ ಎಂದೇ ಎಣಿಸಲಿಲ್ಲ. ಚುನಾವಣೆಯ ದಿನ ಶಾಯಿ, ಮತಪೆಟ್ಟಿಗೆ, ಪ್ರಮಾಣವಚನ ಎಲ್ಲ ನಡೆದು, ಆಮೇಲೆ ವರ್ಷವಿಡೀ ಅತಿಥಿಗಳಿಗೆ ಹೂ ಕೊಡುವ ಶಾಲಾ ಸಂಸತ್ತು ಯಾವ ಮೆಟ್ಟಿಲಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಮೂರು ವಸ್ತು ಕೊಟ್ಟರೆ ಅದೇ ಸಂಸತ್ತು ಕೆಲಸ ಮಾಡುತ್ತದೆ: ತಾವೇ ತೀರ್ಮಾನಿಸಿ ಖರ್ಚು ಮಾಡುವ ಒಂದು ಸಣ್ಣ ಮೊತ್ತ, ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯರಿಂದ 15 ದಿನದೊಳಗೆ ಕಾರಣ ಸಹಿತ ಲಿಖಿತ ಉತ್ತರ, ಯಾವ ವಿಷಯದಲ್ಲಿ ಮಕ್ಕಳ ಮಾತು ನಡೆಯುತ್ತದೆ, ಯಾವುದರಲ್ಲಿ ಇಲ್ಲ ಎಂಬ ಮುಂಚಿತ ಪಟ್ಟಿ. ‘ಇಲ್ಲ’ ಎಂಬ ಉತ್ತರದಿಂದಲೂ ಮಕ್ಕಳು ಕಲಿಯುತ್ತಾರೆ. ಉತ್ತರವೇ ಬಾರದಿದ್ದರೆ ಕೇಳುವುದನ್ನೇ ಬಿಡುತ್ತಾರೆ.

ಅಂಕ ಯಾವುದಕ್ಕೆ?

ಮೌಲ್ಯಗಳಿಗೆ ಅಂಕ ಕೊಡಬಾರದು. ‘ಪ್ರಾಮಾಣಿಕತೆ: 8/10’ ಎಂದು ಬರೆದರೆ ಮಕ್ಕಳು ಶಿಕ್ಷಕರು ಕೇಳಬಯಸುವುದನ್ನು ಹೇಳಲು ಕಲಿಯುತ್ತಾರೆ. ಜ್ಞಾನಕ್ಕೆ ಮತ್ತು ಕೌಶಲಕ್ಕೆ ಅಂಕ ಕೊಡಬೇಕು, ಕೊಡಲೇಬೇಕು. ಅಂಕವಿಲ್ಲದ್ದನ್ನು ಹತ್ತನೇ ತರಗತಿಯ ಒತ್ತಡದಲ್ಲಿ ಯಾರೂ ಕಾಪಾಡಲಾರರು.

ಒಂದು ಪ್ರಶ್ನೆ ನೋಡಿ. ‘ಸಾರ್ವಜನಿಕ ಗ್ರಂಥಾಲಯವನ್ನು ಇನ್ನು ಸಂಜೆ ತೆರೆಯುವುದಿಲ್ಲ ಎಂದು ನಿರ್ಧಾರವಾಗಿದೆ. ಈ ನಿರ್ಧಾರವನ್ನು ಬೆಂಬಲಿಸಲು ಅಥವಾ ಬದಲಾಯಿಸಲು ನೀವು ಇಡುವ ಮೊದಲ ಮೂರು ಹೆಜ್ಜೆ ಯಾವುವು? ಏಕೆ?’ ‘ಪ್ರತಿಭಟನೆ ಮಾಡುತ್ತೇನೆ’ ಎಂಬ ಉತ್ತರಕ್ಕೆ 1 ಅಂಕ. ನಿರ್ಧರಿಸಿದವರು ಯಾರೆಂದು ಗುರುತಿಸಿದರೆ 2. ಸಂಜೆ ಎಷ್ಟು ಜನ ಬರುತ್ತಾರೆಂದು ಎಣಿಸುವಂಥ ಸಾಕ್ಷ್ಯದ ಹೆಜ್ಜೆ ಸೇರಿದರೆ 3. ಎದುರು ಬದಿಯ ಬಲವಾದ ಕಾರಣವನ್ನು, ಉದಾಹರಣೆಗೆ ಸಿಬ್ಬಂದಿಯ ವೆಚ್ಚವನ್ನು, ಹೆಸರಿಸಿ ಅದಕ್ಕೆ ಉತ್ತರ ಕೊಟ್ಟರೆ 4. ‘ಬೆಂಬಲಿಸಲು ಅಥವಾ’ ಎಂಬ ಪದಗಳನ್ನು ತೆಗೆದರೆ ಪ್ರಶ್ನೆ ಕೆಡುತ್ತದೆ, ಏಕೆಂದರೆ ಆಗ ಒಂದೇ ಅಭಿಪ್ರಾಯಕ್ಕೆ ಅಂಕ ಸಿಕ್ಕಂತಾಗುತ್ತದೆ. ಸ್ವಯಂಸೇವೆಯ ಗಂಟೆ ಎಣಿಸಿ ಪ್ರಮಾಣಪತ್ರ ಕೊಡುವ ಪದ್ಧತಿಯಲ್ಲೂ ಇಂಥದೇ ಕೊರತೆ ಇದೆ. ಬೀದಿ ಗುಡಿಸಿದ ಎಂಟು ಗಂಟೆ ದಾಖಲಾಗುತ್ತದೆ, ಕಸ ಮತ್ತೆ ಬೀಳುವುದೇಕೆ ಎಂದು ಯಾರೂ ಕೇಳಿರುವುದಿಲ್ಲ.

ಸಂಯೋಜಕರು ಮತ್ತು ಎರಡು ಪುಟ

ಸಂಯೋಜಕರೆಂದು ಹೆಸರು ಬರೆದು ಪಿರಿಯಡ್ ಕಡಿಮೆ ಮಾಡದಿದ್ದರೆ ಆ ಹುದ್ದೆ ಇಲ್ಲದಂತೆಯೇ. ವಾರಕ್ಕೆ ಕನಿಷ್ಠ 2 ಪಿರಿಯಡ್ ಬಿಡುವು, ಬೇರೆ ವಿಷಯದ ಶಿಕ್ಷಕರ ತರಗತಿಗೆ ಹೋಗಿ ಕೂರುವ ಒಪ್ಪಿಗೆ, ಸ್ಟಾಫ್ ಮೀಟಿಂಗಿನಲ್ಲಿ ತಿಂಗಳಿಗೊಮ್ಮೆ 15 ನಿಮಿಷ ಬೇಕು. ಆ ಹದಿನೈದು ನಿಮಿಷದಲ್ಲಿ ಸಂಸತ್ತಿಗೂ ಸರ್ಕಾರಕ್ಕೂ ಇರುವ ವ್ಯತ್ಯಾಸ, ಹಕ್ಕಿಗೂ ಸವಲತ್ತಿಗೂ ಇರುವ ವ್ಯತ್ಯಾಸ, ಕಾಯ್ದೆಗೂ ನಿಯಮಕ್ಕೂ ಇರುವ ವ್ಯತ್ಯಾಸದಂಥ ಒಂದೊಂದನ್ನು ಎಲ್ಲ ಶಿಕ್ಷಕರೂ ಸೇರಿ ಸ್ಪಷ್ಟಪಡಿಸಿಕೊಳ್ಳುವುದು ತುಂಬ ಮುಖ್ಯ. ಇವುಗಳಲ್ಲಿ ತಪ್ಪು ಮಾಹಿತಿ ಆರು ವಿಷಯಗಳಿಂದ ಹೋದರೆ ಆರು ಪಟ್ಟು ಗಟ್ಟಿಯಾಗುತ್ತದೆ.

ಒಮ್ಮೆಲೇ ಎಲ್ಲ ತರಗತಿಗಳಲ್ಲಿ ಶುರು ಮಾಡುವುದು ಬೇಡ. ಮೊದಲ ವರ್ಷ ಎಂಟನೇ ತರಗತಿಯಲ್ಲಿ, ಮೂರು ವಿಷಯಗಳಲ್ಲಿ ಮಾತ್ರ. ಎರಡನೇ ವರ್ಷ ಒಂಬತ್ತಕ್ಕೂ ಆರು ವಿಷಯಗಳಿಗೂ ವಿಸ್ತರಣೆ. ಪ್ರತಿ ಘಟಕ ಮುಗಿದ ದಿನ ಮಕ್ಕಳಿಗೆ ಒಂದೇ ಪ್ರಶ್ನೆಯ ಚೀಟಿ ಕೊಟ್ಟು ‘ಇಂದು ಗಣಿತದಲ್ಲದ ಏನನ್ನು ಕಲಿತಿರಿ?’ ಎಂದು ಕೇಳಿ. ಅರ್ಧಕ್ಕಿಂತ ಹೆಚ್ಚು ಚೀಟಿ ಖಾಲಿ ಬಂದರೆ ಪಾಠದಲ್ಲಿ ಪೌರಶಿಕ್ಷಣ ಶಿಕ್ಷಕರ ಮನಸ್ಸಿನಲ್ಲಿತ್ತು, ತರಗತಿಯಲ್ಲಿ ಇರಲಿಲ್ಲ.

ಶಿಕ್ಷಕರ ವರ್ಗಾವಣೆಯಾದಾಗ ಎಲ್ಲವೂ ಅವರ ಜೊತೆ ಹೋಗದಿರಲು ಪ್ರತಿ ಘಟಕವನ್ನೂ ಎರಡೇ ಪುಟದಲ್ಲಿ ಬರೆದಿಡಬೇಕು. ಮೊದಲ ಪುಟದಲ್ಲಿ ಕಲಿಕಾ ಫಲ, ಯಾವ ಅಧ್ಯಾಯದ ನಂತರ, ಎಷ್ಟು ಪಿರಿಯಡ್, ನಿಮಿಷವಾರು ಕ್ರಮ. ಎರಡನೆಯದರಲ್ಲಿ ಮಕ್ಕಳಿಗೆ ಕೊಡುವ ಹಾಳೆ, ಅಳೆಯುವ ಒಂದು ಪ್ರಶ್ನೆ, 1ರಿಂದ 4ರವರೆಗಿನ ಅಂಕಕ್ಕೆ ಒಂದೊಂದು ಮಾದರಿ ಉತ್ತರ. ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಬಿಡಬೇಕು. ಹೋದ ಸಲ ಪಾಠ ಎಲ್ಲಿ ಸಿಕ್ಕಿಕೊಂಡಿತು ಎಂದು ಕಲಿಸಿದವರು ಬರೆಯುವುದು ಅಲ್ಲಿ.